ಹನುಮಮ್ಮ ತಕ್ಕಡಿ ಮೇಲೆ ಕೂತ ದಿನ

ಹೊಸದುರ್ಗದಲ್ಲಿ ಪಂಚಾಕ್ಷರಪ್ಪನ ಕೊಬ್ಬರಿ ಮಂಡಿ ಐತಲ್ಲ, ಅಲ್ಲಿ ಇಪ್ಪತ್ತೆರಡು ವರ್ಷದಿಂದ ಮೂಟೆ ಹೊರ್ತಿದೀನಿ. ಓದಿದ್ದು ಮೂರನೇ ಕ್ಲಾಸು. ಈ ಅಜ್ಜಪ್ಪನಿಗೆ ಸಿಟ್ಟು ಜಾಸ್ತಿ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಆದ್ರೆ ನಾನು ಕೂಗಾಡಿ ಸುಮ್ಮನಾಗ್ತೀನಿ. ಮಂಡಿ ಗುಡಿಸೋ ಹನುಮಮ್ಮ ಸುಮ್ಮನಿದ್ದೇ ಆರು ವರ್ಷ ಸಿಟ್ಟು ಕಾಯ್ದಿಟ್ಟಳು.

ಅವಳು ತಾಳ್ಯದ ಕಡೆಯವಳು. ಮದುವೆಯಾಗಿ ಬಂದ ವಾರಕ್ಕೇ ಗಂಡ ಚಿತ್ತಯ್ಯನ ಜೊತೆ ಮಂಡಿ ಗುಡಿಸೋಕೆ ನಿಂತಳು. ಗುಡಿಸ್ತಾ ಗುಡಿಸ್ತಾ ಕೊಬ್ಬರಿ ಕಲಿತಳು. ಉಂಡೆ ಕೊಬ್ಬರಿಯನ್ನ ಕಿವಿ ಹತ್ರ ಹಿಡಿದು ಬೆರಳಲ್ಲಿ ತಟ್ಟಿದ್ರೆ ಸಾಕು, ಒಳಗೆ ಬೂಸ್ಟು ಹಿಡಿದಿರೋದು ಒಡೆಯದೇ ಗೊತ್ತಾಗೋದು. ಅನುಮಾನ ಬಂದ್ರೆ ಪಂಚಾಕ್ಷರಪ್ಪನೇ ಕರೀತಿದ್ದ. ಹೇಳಿ ಮುಗಿದ ಮೇಲೆ ಮತ್ತೆ ಪೊರಕೆ.

ಹದಿನಾಲ್ಕು ವರ್ಷದ ಹಿಂದೆ ಚಿತ್ತಯ್ಯ ಟವಲಿನಲ್ಲಿ ಒಂದು ನಾಯಿಮರಿ ಸುತ್ಕೊಂಡು ಬಂದ. ಹನುಮಮ್ಮ ಅದಕ್ಕೆ ಮಾಸ್ತರ ಅಂತ ಹೆಸರಿಟ್ಟಳು. "ತಾನು ಕೆಲ್ಸ ಮಾಡಲ್ಲ, ಮಾಡೋರನ್ನ ಕುಂತು ನೋಡ್ತಾನೆ" ಅಂತ. ಅದು ಮಲಗ್ತಿದ್ದದ್ದೇ ಮೂಟೆ ತೂಗೋ ದೊಡ್ಡ ತಕ್ಕಡಿ ಹಲಗೆ ಮೇಲೆ. ಮೂಟೆ ಇಡೋ ಮುಂಚೆ "ಏಳ್ರಿ ಮಾಸ್ತರ್ರೇ" ಅನ್ನಬೇಕು. ಮೈ ಮುರಿದು, ನಮ್ಮ ಕಡೆ ಒಂದು ಸಲ ನೋಡಿ, ಆಮೇಲೆ ಇಳಿಯೋದು.

ನಮ್ಮಲ್ಲಿ ಒಂದು ಪದ್ಧತಿ ಐತೆ. ಹಮಾಲ ಸತ್ತರೆ, ಮೂಟೆ ಎತ್ತೋ ಕೊಕ್ಕೆಗಳನ್ನ ಎಲ್ಲರೂ ತಕ್ಕಡಿ ಮೇಲೆ ಇಡ್ತೀವಿ. ಹೆಣ ಮಂಡಿಗೆ ಬಂದು ದೊಡ್ಡ ಗೇಟು ದಾಟೋ ತನಕ ತೂಕ ಇಲ್ಲ. ಲಾರಿ ಯಾರದ್ದಾದ್ರೂ ಕಾಯಬೇಕು. ಆರು ವರ್ಷದ ಹಿಂದೆ ಚಿತ್ತಯ್ಯ ತೀರ್ಕೊಂಡಾಗ, "ಅವರಿಗೂ ಕೊಕ್ಕೆ ಇಡ್ರಪ್ಪ" ಅಂದಳು ಹನುಮಮ್ಮ. ಆಗ ಬಾಯಿ ಬಿಟ್ಟವನು ನಾನೇ. "ಕೊಕ್ಕೆ ಹಿಡಿದೋನಿಗೆ ಕೊಕ್ಕೆ. ಪೊರಕೆ ಹಿಡಿದೋನಿಗೆ ಯಾಕೆ?" ಅಂದೆ. ತೂಕ ನಡೀತು. ಹೆಣ ಮಂಡಿ ಹಿಂದಿನ ಸಂದಿಯಲ್ಲಿ ಹೋಯ್ತು.

ಅವತ್ತಿಂದ ಅವಳು ನನ್ನ ಜೊತೆ ಆಡಿದ್ದು ಒಂದೇ ಮಾತು. ಗುಡಿಸ್ತಾ ಬಂದಾಗ, "ಕಾಲೆತ್ತು."

ಈ ವರ್ಷ ಮಾಸ್ತರನಿಗೆ ಎರಡೂ ಕಣ್ಣು ಹೋದ್ವು. ಹನುಮಮ್ಮ ಹಾಲಲ್ಲಿ ಬೆರಳು ಅದ್ದಿ ನೆಕ್ಕಿಸ್ತಿದ್ದಳು. ಪಂಚಾಕ್ಷರಪ್ಪ "ಎಲ್ಲಾದ್ರೂ ಬಿಟ್ಟು ಬಾ" ಅಂದ. ಅವಳು ಕೇಳಿಸ್ಕೊಳ್ಳಲಿಲ್ಲ. ಒಂದು ಮಂಗಳವಾರ, ಲಾರಿ ಬಂದು ನಿಂತಿದ್ದಾಗ, ಅದು ತಕ್ಕಡಿ ಪಕ್ಕದಲ್ಲೇ ಪ್ರಾಣ ಬಿಡ್ತು.

"ಚೀಲಕ್ಕೆ ಹಾಕಿ ಬೈಪಾಸ್ ಆಚೆ ಎಸೀರಿ" ಅಂದ ಪಂಚಾಕ್ಷರಪ್ಪ.

ಹನುಮಮ್ಮ ಪೊರಕೆ ಕೆಳಗಿಟ್ಟಳು. ನಾಯಿಯನ್ನ ಎತ್ಕೊಂಡು ತಕ್ಕಡಿ ಹಲಗೆ ಮೇಲೆ ಹೋಗಿ ಕೂತಳು, ತೊಡೆ ಮೇಲೆ ಮಲಗಿಸ್ಕೊಂಡು. ತಕ್ಕಡಿಯಲ್ಲಿ ಕೆಂಪು ಅಂಕಿ ಓಡಿ ನಿಂತ್ವು.

"ಕೊಕ್ಕೆ ಇಡ್ರಿ" ಅಂದಳು.

ಹಮಾಲರು ನಕ್ಕರು. ಜಂಪಣ್ಣ, "ನಾಯಿಗೇನಮ್ಮಾ? ನಾಳೆ ಬೆಕ್ಕಿಗೂ ಇಡಾಣ" ಅಂದ.

"ಇದನ್ನ ತಂದೋರಿಗೆ ನೀವು ಇಡಲಿಲ್ಲ. ನಾನು ಸುಮ್ಕಿದ್ದೆ, ಅದು ನನ್ನ ತಪ್ಪು. ಇವತ್ತು ಏಳಲ್ಲ. ನನ್ನ ಸೇರಿಸಿ ತೂಕ ಮಾಡ್ಕಳ್ರಿ."

"ಲಾರಿ ನಿಂತೈತೆ ಹನುಮಮ್ಮ, ಎದ್ದೇಳು" ಅಂತ ಪಂಚಾಕ್ಷರಪ್ಪ ಗದರಿದ.

"ಮೂವತ್ತು ವರ್ಷ ನಾನು ನಿಂತಿದೀನಿ, ಯಜಮಾನ್ರೇ. ಲಾರಿ ಒಂದು ಗಂಟೆ ನಿಲ್ಲಲಿ."

ಅವನು ನನ್ನ ಕಡೆ ತಿರುಗಿದ. "ಲೇ ಅಜ್ಜಪ್ಪ, ಎಬ್ಬಿಸೋ ಅವಳನ್ನ."

ನನ್ನನ್ನೇ ಯಾಕೆ ಕರೆದ ಅಂತ ನನಗೆ ಗೊತ್ತು. ಬೈಯೋ ಕೆಲಸ ಇದ್ರೆ ಎಲ್ಲರೂ ನನ್ನನ್ನೇ ಕರೀತಾರೆ. ಹತ್ತಿರ ಹೋದೆ. ಅವಳು ತಲೆ ಎತ್ತಲಿಲ್ಲ, ನಾಯಿ ಕಿವಿಯಲ್ಲಿದ್ದ ಉಣ್ಣಿ ಕೀಳ್ತಿದ್ದಳು. ಸತ್ತ ನಾಯಿಯ ಉಣ್ಣಿ. ನನಗೆ ಸಿಟ್ಟು ಬಂತು, ಆದ್ರೆ ಅವಳ ಮೇಲಲ್ಲ. ಹೆಗಲ ಮೇಲಿದ್ದ ಕೊಕ್ಕೆ ತೆಗೆದು ಅವಳ ಕಾಲ ಹತ್ರ ಹಲಗೆ ಮೇಲೆ ಇಟ್ಟೆ.

"ತಲೆ ಕೆಟ್ಟೈತೇನೋ? ನಾಯಿಗೆ ಇಡ್ತೀಯ?" ಅಂದ ಪಂಚಾಕ್ಷರಪ್ಪ.

"ಚಿತ್ತಯ್ಯನಿಗೆ ಇಟ್ಟೆ. ಆರು ವರ್ಷ ತಡ ಆಯ್ತು. ನಿಮಗೆ ಅವಸರ ಇದ್ರೆ ಮೂಟೆ ನೀವೇ ಎತ್ಕಳ್ರಿ."

ಆಮೇಲೆ ಜಂಪಣ್ಣನ ಕೊಕ್ಕೆಯೂ ಬಂತು. ಇನ್ನಿಬ್ಬರದ್ದು ಬಂತು. ಮೂವರು ಇಡಲಿಲ್ಲ, ಟೀ ಕುಡಿಯೋಕೆ ಹೋದರು. ಹೋಗಲಿ. ಅವರು ಹೋದ ಮೇಲೆ ಮೂಟೆ ಎತ್ತೋರೂ ಇರಲಿಲ್ಲ.

ಹನುಮಮ್ಮ ನಾಯಿಯನ್ನ ಚಿತ್ತಯ್ಯನ ಹಳೇ ಟವಲಿನಲ್ಲಿ ಸುತ್ತಿ, ಲಾರಿ ಬರೋ ದೊಡ್ಡ ಗೇಟಲ್ಲೇ ಹೊರಗೆ ನಡೆದಳು. ಗುದ್ದಲಿ ಹಿಡ್ಕೊಂಡು ನಾನು ಹಿಂದೆ ಹೋದೆ. ಕೆರೆ ಏರಿ ಕೆಳಗೆ, ಗಂಡನನ್ನ ಮಣ್ಣು ಮಾಡಿದ್ದ ಜಾಗದ ಪಕ್ಕ ಗುಂಡಿ ತೋಡಿದೆ. ಅವಳು ಅಳಲಿಲ್ಲ. "ಇನ್ನೊಂಚೂರು ಆಳ" ಅಂದಳು ಅಷ್ಟೇ.

ಮಾರನೇ ದಿನ ಪಂಚಾಕ್ಷರಪ್ಪ ಅವಳಿಗೆ ಕೆಲಸ ಇಲ್ಲ ಅನ್ನಬಹುದು ಅಂತ ಕೊಕ್ಕೆ ಇಟ್ಟ ನಾವು ನಾಲ್ವರೂ ಬಾಗಿಲಲ್ಲೇ ನಿಂತಿದ್ವಿ. ಅವನು ನಮ್ಮನ್ನ ನೋಡಿದ, ಒಳಗೆ ಹೋದ. ಅವಳು ಗುಡಿಸ್ತಾ ಬಂದಳು.

"ಅಜ್ಜಪ್ಪ, ಕಾಲೆತ್ತು."

ಈಗ ನಮ್ಮ ಮಂಡಿಯಲ್ಲಿ ಪೊರಕೆ ಹಿಡಿದೋರಿಗೂ ಕೊಕ್ಕೆ ಇಡ್ತೀವಿ. ಬೇಡ ಅನ್ನೋರು ಬಂದು ನನ್ನ ಕೇಳಲಿ.