ಕಪ್ಪೆಚಿಪ್ಪು ಮತ್ತು ನನ್ನ ಭಾಮೈದ

ಹೊಲ, ಮನೆ, ಕಾರು ಕಂಡು ಹೊಟ್ಟೆಕಿಚ್ಚು ಪಡುವವರನ್ನು ನೀವು ನೋಡಿರುತ್ತೀರಿ. ನಾನು ಕಪ್ಪೆಚಿಪ್ಪಿನ ದೆಸೆಯಿಂದ ಹೊಟ್ಟೆಕಿಚ್ಚು ಪಟ್ಟವನು. ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೆ ಹೊಟ್ಟೆಯುಬ್ಬರ.

ನಾನು ಮದ್ದೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಮೇಷ್ಟ್ರು. ಮೃದ್ವಂಗಿಗಳ ಪಾಠ ಬಂತೆಂದರೆ ನನಗೆ ಹುರುಪು. ಆ ವಂಶದಲ್ಲಿ ಒಂಟಿ ಚಿಪ್ಪಿನ ಬಸವನಹುಳುವಿದೆ, ಎಂಟು ತೋಳಿನ ಜಾಣ ಆಕ್ಟೋಪಸ್ ಇದೆ, ಎರಡು ಚಿಪ್ಪಿನ ನಡುವೆ ಬದುಕುವ ಕಪ್ಪೆಚಿಪ್ಪೂ ಇದೆ. ಇದಕ್ಕೆ ತಲೆಯೇ ಇಲ್ಲ. ದಾಯಾದಿಗಳಲ್ಲಿ ಒಬ್ಬ ಮಹಾ ಬುದ್ಧಿವಂತ, ಇನ್ನೊಬ್ಬನಿಗೆ ತಲೆಯೇ ಇಲ್ಲವೆಂದರೆ ಪಂಚಾಯ್ತಿಯವರು ಪಾಲು ಹೇಗೆ ಮಾಡಬೇಕು ಎಂದು ಕೇಳಿ ಪ್ರತಿವರ್ಷ ನಗಿಸುತ್ತೇನೆ. ಆದರೆ ಇಷ್ಟು ವರ್ಷ ಪಾಠ ಮಾಡಿದರೂ ಕಪ್ಪೆಚಿಪ್ಪು ನಡೆಯುವುದನ್ನು ನಾನು ಕಂಡಿರಲಿಲ್ಲ. ಲ್ಯಾಬಿನ ಬಾಟಲಿಯಲ್ಲಿರುವುದು ಎಲ್ಲಿಗೆ ನಡೆದೀತು?

ಒಂಬತ್ತನೇ ತರಗತಿಯ ಮಗಳು ಸಿಂಚನಳಿಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಕಪ್ಪೆಚಿಪ್ಪು ಬೇಕಾಯಿತು. ಬೆಳಕವಾಡಿಯಲ್ಲಿ ಬೇಸಾಯ ಮಾಡುವ ನನ್ನ ಭಾಮೈದ ಸಿದ್ದರಾಜುವಿನ ಮನೆಗೆ ಹೋದೆವು. ನಾಲೆಗೆ ನೀರು ನಿಲ್ಲಿಸಿದ್ದರು. ತಳದ ಕೆಸರಿನ ಮೇಲೆ ಸೊಟ್ಟಗೆ ಒಂದು ಗೆರೆ ಎಳೆದಂತಿತ್ತು. ಅದು ಎರೆಹುಳು ಹೋದ ಗುರುತು ಎಂದು ನಾನು ಗಂಭೀರವಾಗಿ ಮಗಳಿಗೆ ವಿವರಿಸಿದೆ.

ಸಿದ್ದರಾಜು ಪಂಚೆ ಎತ್ತಿ ಕಟ್ಟಿಕೊಂಡು ಇಳಿದ. "ಎರೆಹುಳ ಅಲ್ಲ ಬುಡಿ ಭಾವ, ಚಿಪ್ಪು ನೀರು ಉಡುಕ್ಕೊಂಡು ಓಗಿರೋ ದಾರಿ" ಎನ್ನುತ್ತ ಗೆರೆ ಮುಗಿದಲ್ಲಿ ಕೈಯಿಟ್ಟ. ಅಂಗೈಯಗಲದ ಕಪ್ಪೆಚಿಪ್ಪು ಎದ್ದು ಬಂತು. ಮಗಳು "ಮಾವಾ!" ಎಂದು ಕುಣಿದಳು. ನನ್ನ ಮಾತಿಗೆ ಅವಳು ಹಾಗೆ ಕುಣಿದು ಎಷ್ಟು ಕಾಲವಾಗಿತ್ತೋ. ಆಗ ನನ್ನ ಹೊಟ್ಟೆಯಲ್ಲಿ ಹತ್ತಿದ ಕಿಚ್ಚಿಗೆ ಆಲೆಮನೆಯ ಕೊಪ್ಪರಿಗೆ ಇಟ್ಟಿದ್ದರೆ ಬೆಲ್ಲವಾಗುತ್ತಿತ್ತು.

ಸಾಲದ್ದಕ್ಕೆ ಅವನು ಖಾಲಿ ಚಿಪ್ಪೊಂದನ್ನು ಕಲ್ಲಿಗೆ ಉಜ್ಜಿ, ಬೆನ್ನಿಗೆ ತೂತು ಮಾಡಿ, ಅದರಲ್ಲೇ ಮಾವಿನಕಾಯಿಯ ಸಿಪ್ಪೆ ಹೆರೆದುಕೊಟ್ಟ. ಉಪ್ಪುಖಾರ ಹಚ್ಚಿ ತಿನ್ನುತ್ತಾ ಮಗಳು, ಪ್ರದರ್ಶನದ ದಿನ ಮಾವನೇ ಬಂದು ತನ್ನ ಪಕ್ಕ ನಿಲ್ಲಬೇಕು ಎಂದುಬಿಟ್ಟಳು. ಅಪ್ಪ ಜೀವಶಾಸ್ತ್ರದ ಮೇಷ್ಟ್ರು ಎಂಬುದು ಯಾರಿಗೂ ನೆನಪಾಗಲಿಲ್ಲ.

ಹೊರಡುವಾಗ ಸಿದ್ದರಾಜು ನನ್ನನ್ನು ಪಕ್ಕಕ್ಕೆ ಕರೆದ. "ಭಾವ, ಇದರ ನಂಟರಿಷ್ಟರು ಯಾರು ಏನು ಅಂತ ಒಸಿ ಏಳ್ಕೊಡಿ. ಅಲ್ಲಿ ಯಾರಾದ್ರೂ ಕೇಳುದ್ರೆ ಮಗೀನ ಮುಂದೆ ಮರ್ವಾದೆ ಓಯ್ತದೆ." ಬಸವನಹುಳುವನ್ನು ಹೇಳಿದೆ, ಮುತ್ತಿನ ಚಿಪ್ಪನ್ನು ಹೇಳಿದೆ. ಆಕ್ಟೋಪಸ್ ಒಂದನ್ನು ಬೇಕೆಂದೇ ಬಿಟ್ಟೆ. ಅದೊಂದಾದರೂ ನನ್ನ ಪಾಲಿಗಿರಲಿ ಎಂದುಕೊಂಡೆ.

ಪ್ರದರ್ಶನದಲ್ಲಿ ಟೀಚರೊಬ್ಬರು ಅವನನ್ನೇ ಕೇಳಿದರು, ಈ ಬಳಗದಲ್ಲಿ ಎಲ್ಲರಿಗಿಂತ ಬುದ್ಧಿವಂತ ಯಾರು ಅಂತ. ನಾನು ಹಿಂದೆ ನಿಂತು, ಅವನು ತಡವರಿಸಲಿ ಎಂದು ಕಾದೆ. ಅವನು ತಡವರಿಸಲಿಲ್ಲ. "ಅದ ನಮ್ ಭಾವನ್ನೇ ಕೇಳ್ಬೇಕು ಕಣ್ರಮ್ಮ. ನಂಗೆ ಏಳ್ಕೊಟ್ಟೋರೇ ಅವರು" ಎಂದು ಹೆಮ್ಮೆಯಿಂದ ಕೈ ತೋರಿಸಿದ. ಮಗಳು ತಿರುಗಿ ನೋಡಿದಳು. ಆಕ್ಟೋಪಸ್ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವನಿಗೆ ಕಪ್ಪೆಚಿಪ್ಪು ಸಿಕ್ಕಿತೆಂಬ ಹೊಟ್ಟೆಕಿಚ್ಚು ಅಲ್ಲಿಗೆ ಆರಿಹೋಯಿತು. ಈಗ ಉರಿಯುತ್ತಿರುವುದು ಬೇರೆ: ಈ ಮನುಷ್ಯನಿಗೆ ಹೊಟ್ಟೆಕಿಚ್ಚೇ ಬರುವುದಿಲ್ಲವಲ್ಲ!