ಒಂದೇ ದೇವರಿಗೆ ಹೇಳಿದ ಎರಡು ಹರಕೆ

ಅಂಜಲ್ ಮೀನಿನ ತುಂಡುಗಳಿಗೆ ಮಸಾಲೆ ಹಚ್ಚುತ್ತಿದ್ದೆ. ಸುವೈಕ್‌ನಲ್ಲಿ ಸಣ್ಣ ಅಂಗಡಿ ಇಟ್ಟಿರುವ ನಮ್ಮೂರಿನವರೊಬ್ಬರು ಮಸ್ಕತ್ ಕಡೆ ಬರುವಾಗಲೆಲ್ಲ ಬೆಳಗಿನ ತಾಜಾ ಮೀನು ತಂದುಕೊಡುತ್ತಾರೆ. ದೇವರು ನನಗೆ ಮಾಡುವ ಸಣ್ಣ ಉಪಕಾರಗಳಲ್ಲಿ ಇದೂ ಒಂದು ಎಂದುಕೊಂಡಿದ್ದೇನೆ. ಎರಡೂ ಕೈ ಮೆಣಸಿನಿಂದ ಕೆಂಪಾಗಿದ್ದಾಗ ಫೋನ್ ರಿಂಗಾಯಿತು. ಕಿರುಬೆರಳಲ್ಲಿ ಸ್ಪೀಕರ್ ಒತ್ತಿದೆ.

“ಇಬ್ಬರೂ ಗೆದ್ದರು ಮಾರಾಯ್ತಿ,” ಎಂದರು ನಮ್ಮವರು. ಅಲ್ ಅಜೈಬಾದ ಟೆನಿಸ್ ಕೋರ್ಟಿನಿಂದ ಮಾತಾಡುತ್ತಿದ್ದರು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

“ಇಬ್ಬರೂ ಅಂದ್ರೆ?”

“ದೊಡ್ಡವಳೂ ಗೆದ್ದಳು, ಸಣ್ಣವಳೂ ಗೆದ್ದಳು. ಬರುವ ಶುಕ್ರವಾರ ಫೈನಲ್. ಅಕ್ಕನ ಎದುರು ತಂಗಿ.”

ದೇವರಿಗೆ ಕೈ ಮುಗಿಯೋಣ ಎಂದರೆ ಕೈಯಲ್ಲಿ ಮೀನು. ಅಡುಗೆಮನೆಯಿಂದಲೇ ದೇವರ ಸ್ಟ್ಯಾಂಡಿನ ಕಡೆ ತಲೆ ಬಾಗಿಸಿದೆ. ಬಾಗಿಸಿದ ತಲೆ ಎತ್ತುವಷ್ಟರಲ್ಲಿ ನೆನಪಾಯಿತು, ನಾನು ಮಾಡಿಕೊಂಡ ಎಡವಟ್ಟು.

ಪಂದ್ಯಗಳು ಶುರುವಾಗುವ ಮೊದಲು ದಾರ್ಸೈಟ್‌ನ ಕೃಷ್ಣನ ಗುಡಿಗೆ ಹೋಗಿದ್ದೆ. ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ಹತ್ತಿರ. ದೊಡ್ಡವಳು ಕಪ್ ಗೆದ್ದರೆ ಪಂಚಕಜ್ಜಾಯ ಮಾಡಿ, ನಿನಗಿಟ್ಟು, ಬಿಲ್ಡಿಂಗಿಗೆಲ್ಲ ಹಂಚುತ್ತೇನೆ ಎಂದು ಹರಕೆ ಹೇಳಿಕೊಂಡೆ. ಮೂರು ದಿನ ಬಿಟ್ಟು ಸಣ್ಣವಳು ಕಾಲು ಉಳುಕಿಸಿಕೊಂಡು ಬಂದಳು. ಮತ್ತೆ ಹೋದೆ. ಕಾಲು ಬೇಗ ಗುಣವಾಗಲಿ ಎಂದು ಕೇಳಿ ಸುಮ್ಮನಿರಬೇಕಿತ್ತು. ಅಷ್ಟಕ್ಕೆ ಬಿಡದೆ, ಇವಳೂ ಕಪ್ ಗೆಲ್ಲಲಿ, ಪಂಚಕಜ್ಜಾಯ ಮಾಡುತ್ತೇನೆ ಎಂದು ಬಾಯಿಗೆ ಬಂದದ್ದನ್ನು ಹೇಳಿ ಬಂದೆ. ಕಪ್ ಒಂದೇ ಎಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಮಕ್ಕಳಿಗೆ ಬೇಡುವಾಗ ಯಾವ ತಾಯಿ ಹಿಂದಿನ ಬೇಡಿಕೆ ನೆನಪಿಟ್ಟುಕೊಂಡು ಬೇಡುತ್ತಾಳೆ?

ನಮ್ಮವರಿಗೆ ಹೇಳಿದಾಗ ಊಟದ ತಟ್ಟೆಯ ಮುಂದೆ ಕುಳಿತು ನಕ್ಕರು.

“ಒಬ್ಬ ದೇವರಿಗೇ ಎರಡೂ ಹೇಳಿದೆಯಾ?”

“ಹತ್ತಿರ ಇರುವುದು ಅವನೇ ಅಲ್ವಾ?”

“ಪಾಪ, ಕೃಷ್ಣನನ್ನೇ ಅಂಪೈರ್ ಮಾಡಿ ಕೂರಿಸಿಬಿಟ್ಟೆ. ಇನ್ನು ಅವನು ಎಂತ ಮಾಡುವುದು?”

ಅವರಿಗೆ ತಮಾಷೆ. ನನಗೆ ಆ ವಾರವಿಡೀ ಅದೇ ಯೋಚನೆ. ಯಾಕೆಂದರೆ ದೊಡ್ಡವಳಿಗೆ ಇದು ಕೊನೆಯ ಅವಕಾಶವಾಗಿತ್ತು. ಹದಿನಾರರ ಒಳಗಿನವರ ಪಂದ್ಯ ಅದು. ಮುಂದಿನ ವರ್ಷ ಅವಳಿಗೆ ವಯಸ್ಸು ದಾಟುತ್ತದೆ. ಮೂರು ವರ್ಷ ಸತತವಾಗಿ ಎರಡನೆಯ ಬಹುಮಾನ ತಂದಿದ್ದಾಳೆ. ಟೀವಿ ಪಕ್ಕ ಆ ಮೂರು ಸಣ್ಣ ಕಪ್‌ಗಳು ಸಾಲಾಗಿ ನಿಂತಿವೆ. ಧೂಳು ಒರೆಸುವಾಗ ಅವಳು ಇದ್ದರೆ ಮುಖ ತಿರುಗಿಸಿಕೊಳ್ಳುತ್ತಾಳೆ. ಸಣ್ಣವಳಿಗೆ ಹದಿಮೂರು. ಅವಳಿಗಿನ್ನೂ ವರ್ಷಗಳಿವೆ. ಆದರೆ ಅದನ್ನು ಹದಿಮೂರರ ಹುಡುಗಿಗೆ ಹೇಳಿ ನೋಡಿ.

ಅದೇ ವಾರ ಸಣ್ಣವಳು ಶಾಲೆಗೆ ಒಂದು ಪ್ರಾಜೆಕ್ಟ್ ಬರೆಯುತ್ತಿದ್ದಳು. ಇಂಗ್ಲೆಂಡಿನ ಎಲ್ಲಕ್ಕಿಂತ ದೊಡ್ಡ ಟೆನಿಸ್ ಪಂದ್ಯದಲ್ಲಿ ಹೆಂಗಸರಿಗೂ ಮೊದಲ ಸಲ ಅವಕಾಶ ಕೊಟ್ಟಾಗ ಗೆದ್ದ ಹುಡುಗಿಯ ಕಥೆ. ನಾನು ಬಟ್ಟೆ ಮಡಚುತ್ತಿದ್ದೆ. ಅವಳು ನೆಲದ ಮೇಲೆ ಮಲಗಿ ಇಂಗ್ಲಿಷಿನಲ್ಲಿ ಓದಿ, ನನಗೆ ತುಳುವಿನಲ್ಲಿ ಹೇಳುತ್ತಿದ್ದಳು. ನಮ್ಮ ಮನೆಯ ಮಾತೇ ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಪಾದ್ರಿಯ ಮಗಳಂತೆ ಅಮ್ಮ. ಕಾಲು ಮುಚ್ಚುವ ಉದ್ದ ಲಂಗ, ತಲೆಗೆ ಟೋಪಿ, ಎಲ್ಲ ಬಿಳಿ.”

“ಲಂಗ ಹಾಕಿಕೊಂಡು ಓಡುವುದು ಹೇಗೆ?”

“ನೀನು ಸೀರೆ ಉಟ್ಟುಕೊಂಡು ನಮ್ಮ ಸ್ಕೂಲ್ ಬಸ್ಸಿನ ಹಿಂದೆ ಓಡಲಿಲ್ವಾ? ಹಾಗೆಯೇ.”

ದೇವರ ಕೆಲಸದವರ ಮನೆಯ ಹುಡುಗಿ ಎಂದ ಕೂಡಲೇ ನನಗೆ ಅವಳ ಮೇಲೆ ಮಮತೆ ಬಂತು. ಕಣ್ಣ ಮುಂದೆ ಒಂದು ಹುಲ್ಲಿನ ಅಂಗಳ, ಗೋಡೆಗೆ ಚೆಂಡು ಹೊಡೆಯುತ್ತಿರುವ ಹುಡುಗಿ, ಕಿಟಕಿಯಲ್ಲಿ ತಾಯಿ. ತಾಯಿಯ ಬಗ್ಗೆ ಅದರಲ್ಲಿ ಏನೂ ಬರೆದಿರಲಿಲ್ಲ, ಅದು ನನ್ನದೇ ಸೇರ್ಪಡೆ.

“ಫೈನಲಿನಲ್ಲಿ ಯಾರ ಎದುರು ಗೆದ್ದಳು ಗೊತ್ತುಂಟಾ?” ಸಣ್ಣವಳು ಎದ್ದು ಕುಳಿತಳು. “ಸ್ವಂತ ಅಕ್ಕನ ಎದುರು.”

ನನ್ನ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ದೊಡ್ಡವಳು ಟೇಬಲ್ಲಿನ ಹತ್ತಿರ ಗಣಿತ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

“ಮೊದಲ ಸೆಟ್ ಅಕ್ಕ ಗೆದ್ದಳು. ಆಮೇಲಿನ ಎರಡೂ ತಂಗಿ. ತಂಗಿಗೆ ಬಹುಮಾನ ಬೆಳ್ಳಿಯ ಹೂಬುಟ್ಟಿ. ಮರುವರ್ಷವೂ ಅವಳೇ ಗೆದ್ದಳು. ಅದರ ಮುಂದಿನ ವರ್ಷ ಸೋತಳು. ಎಷ್ಟೋ ವರ್ಷ ಆದ ಮೇಲೆ ಯುದ್ಧ ಬಂದಾಗ ನರ್ಸ್ ಆಗಿ ಗಾಯವಾದವರನ್ನು ನೋಡಿಕೊಂಡಳಂತೆ.”

“ಪುಣ್ಯದ ಕೈ ಅವಳದ್ದು,” ಎಂದೆ. “ಮತ್ತೆ ಅಕ್ಕನಿಗೆ ಎಂತ ಕೊಟ್ಟರು?”

ಅವಳು ಹುಡುಕಿದಳು. “ಒಂದು ಕನ್ನಡಿ, ಒಂದು ಬ್ರಷ್.”

“ಆಮೇಲೆ ಅವಳ ಕಥೆ?”

“ಅಷ್ಟೇ ಇರುವುದು.”

“ಅಕ್ಕಂದಿರ ಕಥೆ ಯಾವಾಗಲೂ ಅಷ್ಟೇ ಇರುವುದು,” ಎಂದಳು ದೊಡ್ಡವಳು ಪುಸ್ತಕದೊಳಗಿಂದಲೇ. ಇಬ್ಬರೂ ನಕ್ಕರು. ನಾನೂ ನಕ್ಕೆ. ಅಲ್ಲಿಯೇ ನಿಂತು ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಶುಕ್ರವಾರದ ತಪ್ಪು ಆಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನೀರುದೋಸೆ ಮಾಡಿದೆ. ಸಣ್ಣವಳು ಒಂದು ತುಂಡು ಮುರಿದು ಹಾಗೇ ಬಿಟ್ಟಳು. ಕಣ್ಣಲ್ಲಿ ನೀರು ತುಂಬಿಕೊಂಡು ತಟ್ಟೆ ದೂಡಿದಳು. ದೊಡ್ಡವಳು ನಾಲ್ಕು ತಿಂದು, ಬ್ಯಾಗಿಗೆ ನೀರಿನ ಬಾಟಲಿ ತುಂಬಿಸುತ್ತಿದ್ದಳು. ಅವಳ ಪಕ್ಕ ನಿಂತು, ಜಡೆ ಸರಿಮಾಡುತ್ತಾ, ಹದಿಮೂರು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿಬಿಟ್ಟೆ.

“ಅವಳು ಚಿಕ್ಕವಳಲ್ವಾ ಮಗಾ, ಸ್ವಲ್ಪ ನೋಡಿಕೊಂಡು ಆಡು.”

ನಮ್ಮಲ್ಲಿ ಮನೆಯ ಮೊದಲ ಮಗುವಿಗೆ ಹೇಳುವ ಮಾತು ಅದು. ಕಾರಿನ ಕಿಟಕಿ ಸೀಟು, ಮೀನಿನ ನಡುವಿನ ತುಂಡು, ಊರಿಂದ ಬಂದ ಹಲಸಿನ ಹಪ್ಪಳದ ಕೊನೆಯ ಒಂದು, ಎಲ್ಲಕ್ಕೂ ಅದೇ ಮಾತು. ನನಗೂ ನನ್ನ ತಾಯಿ ಹೇಳಿದ್ದರು. ಮಾತು ಬಾಯಿಂದ ತಾನಾಗಿ ಹೊರಬೀಳುತ್ತದೆ.

“ಆಯ್ತಮ್ಮ,” ಎಂದಳು. ಅಷ್ಟೇ. ಬ್ಯಾಗಿನ ಜಿಪ್ ಎಳೆದಳು.

ಕೋರ್ಟಿನ ಬೇಲಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳು. ಬಿಸಿಲು ಹಿತವಾಗಿತ್ತು. ನಮ್ಮ ಮೇಲಿನ ಮನೆಯ ಮೈಸೂರಿನವರು ನನಗೆಂದು ಜಾಗ ಹಿಡಿದಿದ್ದರು.

“ಬನ್ರೀ, ಬನ್ನಿ. ಯಾರಿಗ್ರೀ ಚಪ್ಪಾಳೆ ಹೊಡೀತೀರಾ ಇವತ್ತು?”

“ಇಬ್ಬರಿಗೂ.”

“ಅದ್ಹೆಂಗಾಗತ್ತೆ? ಬಲಗೈ ಒಬ್ಬಳಿಗೆ, ಎಡಗೈ ಇನ್ನೊಬ್ಬಳಿಗಾ?”

ಆಟ ಶುರುವಾಯಿತು. ನನಗೆ ಟೆನಿಸ್ಸಿನ ಎಣಿಕೆ ಇವತ್ತಿಗೂ ಅರ್ಥವಾಗುವುದಿಲ್ಲ, ಹದಿನೈದರಿಂದ ಮೂವತ್ತಕ್ಕೆ ಹಾರುವುದು ಯಾಕೆಂದು ಗೊತ್ತಿಲ್ಲ. ಆದರೆ ಮಗಳ ಕೈ ಗೊತ್ತು. ದೊಡ್ಡವಳು ಚೆಂಡು ಹೊಡೆಯುವಾಗ ತುಟಿ ಕಚ್ಚುತ್ತಾಳೆ. ಅವತ್ತು ಕಚ್ಚುತ್ತಿರಲಿಲ್ಲ. ಚೆಂಡು ಒಂದೊಂದಾಗಿ ನೆಟ್ಟಿಗೆ ಬೀಳುತ್ತಿತ್ತು, ಹೊರಗೆ ಹೋಗುತ್ತಿತ್ತು.

“ದೊಡ್ಡ ಪುಟ್ಟೀಗೆ ಮೈಯಲ್ಲಿ ಹುಷಾರಿಲ್ವೇನ್ರೀ?” ಎಂದರು ಪಕ್ಕದವರು.

ನನಗೆ ಆಗ ಹೊಳೆಯಿತು. ಅವಳು ನೋಡಿಕೊಂಡು ಆಡುತ್ತಿದ್ದಳು. ನಾನು ಹೇಳಿದಂತೆಯೇ.

ಮೊದಲ ಸೆಟ್ ಸಣ್ಣವಳ ಪಾಲಾಯಿತು. ಜನ ಚಪ್ಪಾಳೆ ಹೊಡೆದರು. ಸಣ್ಣವಳು ನಗಲಿಲ್ಲ. ಬೆಂಚಿಗೆ ಹೋಗಿ ರಾಕೆಟ್ಟನ್ನು ಬ್ಯಾಗಿನೊಳಗೆ ಹಾಕಿದಳು. ಅಂಪೈರ್ ಸಾರ್ ಏನೋ ಕೇಳಿದರು, ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ನೇರ ಬೇಲಿಯ ಹತ್ತಿರ, ನನ್ನ ಎದುರಿಗೇ ಬಂದಳು.

“ಅಮ್ಮ, ಅಕ್ಕನಿಗೆ ಎಂತ ಹೇಳಿದ್ದು ನೀನು?”

“ನಾನು ಎಂತ…”

“ಸುಳ್ಳು ಸುಳ್ಳೇ ಆಟ ಆಡುತ್ತಿದ್ದಾಳೆ ಅವಳು. ನನಗೆ ಗೊತ್ತಾಗುವುದಿಲ್ವಾ? ದಿನಾ ಆಡುವುದು ನಾನು ಅವಳ ಜೊತೆ.” ಬೇಲಿಯ ತಂತಿ ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು. “ಆ ಇಂಗ್ಲೆಂಡಿನ ಅಕ್ಕ ಹೀಗೆ ಬಿಟ್ಟುಕೊಟ್ಟಿದ್ದರೆ ತಂಗಿಯನ್ನು ಚಾಂಪಿಯನ್ ಅಂತ ಯಾರು ಬರೀತಿದ್ದರು? ನನಗೆ ಇಂಥ ಕಪ್ ಬೇಡ.”

ನಮ್ಮವರು ನನ್ನ ಮುಖ ನೋಡಿದರು. ಮಕ್ಕಳ ಎದುರು ತಪ್ಪು ಒಪ್ಪಿಕೊಳ್ಳುವುದು ನಮ್ಮಲ್ಲಿ ಕಲಿಸಿದ ಪಾಠವಲ್ಲ. ಆದರೂ ಎದ್ದೆ. ಅಂಪೈರ್ ಸಾರ್ ಒಳ್ಳೆಯವರು, ಎರಡು ನಿಮಿಷ ಎಂದು ಬೆರಳು ತೋರಿಸಿ ಗೇಟು ತೆರೆದರು. ದೊಡ್ಡವಳು ತನ್ನ ಬೆಂಚಿನಲ್ಲಿ ಟವೆಲ್ ಮುಖಕ್ಕೆ ಹಿಡಿದು ಕೂತಿದ್ದಳು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

“ಬೆಳಿಗ್ಗೆ ನಾನು ಹೇಳಿದ್ದು ತಪ್ಪು ಮಗಾ. ಅದು ಖಲಾಸ್. ನೀನು ನಿನ್ನ ಆಟ ಆಡು.”

ಟವೆಲ್ ಇಳಿಸಿದಳು. ಕಣ್ಣು ಕೆಂಪಾಗಿತ್ತು. ಸಣ್ಣ ದನಿಯಲ್ಲಿ ಕೇಳಿದಳು, “ಅವಳು ಅತ್ತರೆ?”

“ಅಳಲಿ. ಸಮಾಧಾನ ಮಾಡಲಿಕ್ಕೆ ನಾನಿಲ್ವಾ? ಅದು ನಿನ್ನ ಕೆಲಸ ಅಲ್ಲ.”

ಅವಳು ನನ್ನನ್ನು ನೋಡಿದಳು, ನಿಜವೋ ಅಲ್ಲವೋ ಎಂದು ಅಳೆಯುವ ಹಾಗೆ. ಆಮೇಲೆ ಬಗ್ಗಿ ಶೂ ಲೇಸು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಆಚೆ ಕಡೆಗೆ ಕೂಗಿದಳು, “ಏಯ್, ರಾಕೆಟ್ ತೆಗಿ. ಬಾ.”

“ಯಲ್ಲಾ,” ಎಂದಳು ಸಣ್ಣವಳು, ಇಲ್ಲಿಯ ಅರಬರು ‘ನಡಿ’ ಎನ್ನುವ ಹಾಗೆ.

ಮುಂದಿನದನ್ನು ನಾನು ಅರ್ಧ ಕಣ್ಣು ಮುಚ್ಚಿಕೊಂಡೇ ನೋಡಿದೆ. ದೊಡ್ಡವಳು ತುಟಿ ಕಚ್ಚಿದ್ದಳು. ಎರಡನೆಯ ಸೆಟ್ ಅವಳದು. ಮೂರನೆಯದರಲ್ಲಿ ಸಣ್ಣವಳು ನಾಯಿಮರಿಯ ಹಾಗೆ ಮೂಲೆಯಿಂದ ಮೂಲೆಗೆ ಓಡಿದಳು, ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡಳು. ನಾನು ಎದ್ದು ನಿಂತೆ. ದೊಡ್ಡವಳು ಕಾದಳು, ಆದರೆ ನೆಟ್ ದಾಟಿ ಬರಲಿಲ್ಲ. ಸಣ್ಣವಳು ತಾನೇ ಎದ್ದಳು. ನನ್ನ ಕೈ ಎರಡೂ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು, ಚಪ್ಪಾಳೆ ಯಾರಿಗೂ ಆಗಲಿಲ್ಲ. ಕೊನೆಯ ಚೆಂಡು ಗೆರೆಯ ಮೇಲೆ ಬಿತ್ತು. ದೊಡ್ಡವಳು ಗೆದ್ದಳು.

ಸಣ್ಣವಳು ಅತ್ತಳು. ಖಂಡಿತ ಅತ್ತಳು. ನೆಟ್ಟಿನ ಮೇಲಿನಿಂದಲೇ ಅಕ್ಕನ ಹೆಗಲಿಗೆ ಮುಖ ಒತ್ತಿ, ಬಿಳಿ ಅಂಗಿಗೆಲ್ಲ ಮೂಗು ಒರೆಸಿದಳು. ಆಮೇಲೆ ನನ್ನ ಮಡಿಲಿಗೆ ಬಂದು ಉಳಿದದ್ದನ್ನು ಅತ್ತು ಮುಗಿಸಿದಳು. ದೊಡ್ಡವಳು ಕಪ್ ಎದೆಗೆ ಹಿಡಿದು ಬಿಸಿಲಲ್ಲಿ ನಿಂತಿದ್ದಳು, ಸಮಾಧಾನ ಮಾಡಲು ಓಡಿ ಬರಲಿಲ್ಲ. ಅವಳು ಹಾಗೆ ಬರಿದೇ ನಿಂತು ಖುಷಿಪಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ದಿನದ ಉಪಕಾರಗಳಲ್ಲಿ ಅದನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಕಾರಿನಲ್ಲಿ ಕಿಟಕಿ ಸೀಟಿಗೆ ಸಣ್ಣವಳು ಅಭ್ಯಾಸದಂತೆ ಹತ್ತಿದಳು. ನಾನು ಏನೂ ಹೇಳಬೇಕಾಗಲಿಲ್ಲ.

“ಸರಿ ಆಚೆ,” ಎಂದಳು ದೊಡ್ಡವಳು.

ಸಣ್ಣವಳು ಸರಿದಳು. ಸ್ವಲ್ಪ ದೂರ ಹೋದ ಮೇಲೆ, “ಮುಂದಿನ ವರ್ಷ ನೀನು ಇರುವುದಿಲ್ಲ. ಕಪ್ ನನ್ನದೇ,” ಎಂದಳು.

“ಮೊದಲು ನಿನ್ನ ಬ್ಯಾಕ್‌ಹ್ಯಾಂಡ್ ಸರಿ ಮಾಡು ಮಾರಾಯ್ತಿ.”

“ನಾಳೆ ಆಡುವ?”

“ನಾಳೆ ಬೇಡ, ಮೈಯೆಲ್ಲ ನೋವು. ನಾಡಿದ್ದು.”

ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ನಾನು ಹೊರಿಸಿದ ಕಷ್ಟದ ಕೆಲಸವನ್ನು ಕೃಷ್ಣ ಸಣ್ಣ ಹುಡುಗಿಯೊಬ್ಬಳ ಬಾಯಿಂದ ಮಾಡಿಸಿಕೊಂಡ ಎಂದು ನನಗನ್ನಿಸಿತು. ಉಳಿದ ಮೀನು ಫ್ರೀಜರಿನ ಒಳಗೇ ಇರಲಿ ಎಂದು ಬಿಟ್ಟು, ಕಡಲೆಬೇಳೆ ಹುರಿದು ಪುಡಿಮಾಡಿದೆ, ಬೆಲ್ಲ ಕೆರೆದೆ, ಎಳ್ಳು ತೆಗೆದಿಟ್ಟೆ, ಹೆರೆಮಣೆ ಹಾಕಿಕೊಂಡು ಒಂದು ತೆಂಗಿನಕಾಯಿ ತುರಿದು ಮುಗಿಸಿದೆ. ಒಳಗಿನ ಕೋಣೆಯಲ್ಲಿ ಇಬ್ಬರೂ ಒಂದೇ ಮಂಚದಲ್ಲಿ ಅಡ್ಡಾದಿಡ್ಡಿ ನಿದ್ದೆ ಹೋಗಿದ್ದರು, ಒಬ್ಬಳ ಮೊಣಕಾಲಿಗೆ ಬ್ಯಾಂಡೇಜು, ಇನ್ನೊಬ್ಬಳ ತಲೆಯ ಹತ್ತಿರ ಕಪ್.

ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು. “ಗೆದ್ದದ್ದು ಒಬ್ಬಳೇ ಅಲ್ವಾ? ಹರಕೆ ಒಂದೇ ಆಯ್ತು. ಇಷ್ಟು ಕಾಯಿತುರಿ ಸಾಕು.”

“ಸಣ್ಣವಳದ್ದೂ ಉಂಟು,” ಎಂದು ಹೇಳಿ, ಎರಡನೆಯ ಕಾಯಿ ಒಡೆದು ತುರಿಯಲು ಕುಳಿತೆ.