ತೆಂಗಿಗೆ ತಾಗಿದ ಮಾವಿನ ಕೊಂಬೆ

ನ್ಗುಂಬಾವೊನ ಹೆಸರು ಉಮಾಜಿಯ ಕಿವಿಗೆ ಮೊದಲು ಬಿದ್ದದ್ದು ಬಾವಿಯ ಹತ್ತಿರ. ಕಲೊಲೇನಿ ಊರ ಕಡೆ ಆ ಹೆಸರಿನ ಹೆಂಡ ಇಳಿಸುವವನೊಬ್ಬ ತೆಂಗಿನ ತಲೆಯಲ್ಲಿ ಹಸಿರು ಮಾಂಬಾ ಹಾವಿನ ಎದುರು ಅರ್ಧ ದಿನ ಅಲ್ಲಾಡದೆ ಕೂತಿದ್ದನಂತೆ ಎಂದು ಸೋದರತ್ತೆ ದಾಮಾ ಹೇಳಿದಳು.

"ಹೆದರಿ ಮರಗಟ್ಟಿರ್ಬೇಕು," ಎಂದು ಉಮಾಜಿ ನಕ್ಕಳು.

"ಹೆದರಿದೋನು ದೊಪ್ಪಂತ ಬೀಳ್ತಾನೆ ಕಣೇ. ಇವ್ನು ಹಾವಿಗೇ ಬೇಜಾರಾಗೋ ತನಕ ಕೂತ. ನಿನ್ನ ಬಾಯಿಗೆ ಅಂಥೋನೇ ಸರಿ."

ಆ ಮಳೆಗಾಲ ಕಳೆಯುವುದರೊಳಗೆ ಅವನ ಕಡೆಯವರು ಹೆಂಡ ತುಂಬಿದ ಸೋರೆ ಬುರುಡೆ ಹೊತ್ತು ಹೆಣ್ಣು ಕೇಳಲು ಬಂದರು.

ಮದುವೆಯಾದ ಮೇಲೆ ಮೂವತ್ತು ವರ್ಷ ಅವನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಿ ಹೊಂಬಾಳೆಯ ತುದಿ ಕೊಯ್ದ. ಒಂದು ಹೊತ್ತು ತಪ್ಪಿದರೂ ರಸ ಬತ್ತುತ್ತದೆ. ಹತ್ತುವ ಮುಂಚೆ ತಲೆಯೆತ್ತಿ ನೋಡುತ್ತಿದ್ದ. ಹಾವಿದೆಯೇ ಎಂದಲ್ಲ, ಮರಕ್ಕೆ ಮರ ತಾಗಿದೆಯೇ ಎಂದು.

"ಎಳೇ ಎಲೆ ಬಣ್ಣ ಅದ್ರದ್ದು, ಹುಡುಕಿದ್ರೆ ಕಾಣಲ್ಲ. ನೆಲಕ್ಕೆ ಇಳಿಯೋದು ಅಪರೂಪ. ಕೊಂಬೇನೇ ಅದಕ್ಕೆ ದಾರಿ," ಎನ್ನುತ್ತಿದ್ದ. ಅದಕ್ಕೇ ತೆಂಗಿಗೆ ಚಾಚಿದ ಮಾವಿನ ಕೊಂಬೆಯನ್ನು ವರ್ಷವೂ ಕಡಿಯುತ್ತಿದ್ದ.

ಆ ವರ್ಷ ಅದೇ ಕೊಂಬೆ ಕಾಯಿಯ ಭಾರಕ್ಕೆ ಬಾಗಿತ್ತು.

"ಕಾಯಿ ಸ್ವಲ್ಪ ಬಲೀಲಿ, ಬಿಡಿ," ಎಂದಳು ಉಮಾಜಿ. "ಬಸುರಿ ಮಗಳು ತಾಬು ಹುಳಿ ಹುಳಿ ಅಂತ ಜೀವ ತಿಂತಿದ್ದಾಳೆ."

"ತಾಬು ನಾಲಿಗೆ ನನ್ನ ಕತ್ತಿಗಿಂತ ಹರಿತ," ಎಂದು ಅವನು ಕೊಂಬೆ ಕಡಿಯದೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಅದಾದ ಎಂಟನೆಯ ದಿನ ಬೆಳಿಗ್ಗೆ ಅವನು ಮೇಲಿದ್ದಾಗ ಗೀಜಗಗಳು ಒಟ್ಟಿಗೆ ಕಿರುಚಿಕೊಂಡವು. ಕೆಳಗೆ ಬುರುಡೆ ತೊಳೆಯುತ್ತಿದ್ದ ಉಮಾಜಿ ತಲೆಯೆತ್ತಿದಳು. ಗಾಳಿಯಿಲ್ಲದೆ ಮಾವಿನ ಕೊಂಬೆ ಅಲುಗಿತು. ತೆಳ್ಳಗಿನ ಹಸಿರೊಂದು ತೆಂಗಿನ ಗರಿಗೆ ಹರಿದು, ಉದ್ದನೆಯ ತಲೆಯನ್ನು ಗೂಡಿನೊಳಗೆ ತೂರಿಸಿತು. ಅವನಿಗೂ ಅದಕ್ಕೂ ನಡುವೆ ಒಂದು ಮೊಳ.

ಅವನು ಕಲ್ಲಾದ. ಅವಳು ಬಾಯಿಗೆ ಸೆರಗು ತುರುಕಿಕೊಂಡಳು. ಹಾವು ಮರಿಗಳನ್ನು ಒಂದೊಂದಾಗಿ ನುಂಗಿ, ಹೋಗದೆ ಅಲ್ಲೇ ಗರಿಯ ಮೇಲೆ ಮಲಗಿತು. ಬಿಸಿಲೇರಿತು. ಅವನಿಗೆ ಕೂರುವುದು ಗೊತ್ತಿತ್ತು. ಆದರೆ ಕಾಲಿಗೆ ವಯಸ್ಸಾಗಿತ್ತು. ಹತ್ತಲೆಂದು ಮರದಲ್ಲಿ ಕಡಿದ ಕಚ್ಚಿನಲ್ಲಿಟ್ಟ ಎಡಗಾಲು ನಡುಗತೊಡಗಿದ್ದು ಕೆಳಗಿನಿಂದಲೂ ಕಂಡಿತು. ನಿಲ್ಲು, ನಿಲ್ಲು ಎಂದು ಅವಳು ಆ ಕಾಲನ್ನೇ ಬೇಡಿಕೊಂಡಳು.

ಕಾಲು ಜಾರಿತು. ಅವನ ಕೈ ಗರಿಯನ್ನು ಹಿಡಿಯಿತು. ಹಾವು ಎರಡು ಸಲ ಕಚ್ಚಿ ಕೊಂಬೆಗೆ ದಾಟಿತು.

ಅವನು ತಾನೇ ಕಚ್ಚು ಕಚ್ಚಿಗೂ ಕಾಲಿಟ್ಟು ಇಳಿದ. ಪಕ್ಕದ ಮನೆಯ ಕಲುಮೆ ಮೋಟಾರ್‌ಸೈಕಲ್ ತಂದ. ಆಸ್ಪತ್ರೆಗೆ ಒಂದು ಗಂಟೆಯ ದಾರಿ. ನಡುವೆ ಅವನನ್ನು ಕೂರಿಸಿ ಉಮಾಜಿ ಹಿಂದಿನಿಂದ ತಬ್ಬಿ ಹಿಡಿದಳು. ಅರ್ಧ ದಾರಿಗೆ ಅವನ ರೆಪ್ಪೆಗಳು ಇಳಿದವು, ನಾಲಿಗೆ ದಪ್ಪವಾಯಿತು. ಅವಳು ಕಿವಿಯನ್ನು ಅವನ ಬಾಯಿಗೆ ಒತ್ತಿದಳು. ಅವನು ಅವಳನ್ನು ಕೊನೆಯದಾಗಿ ಕೇಳಿಕೊಂಡದ್ದು ಇಷ್ಟು:

"ಸಂಜೆ ಕೊಯ್ಯೋಕೆ ಕಲುಮೆನ ಹತ್ತಿಸ್ತೀಯಲ್ಲ... ಮೊದ್ಲು ಕೊಂಬೆ ಕಡಿಸು. ಕಾಯಿ ಕಿತ್ಕೊಂಡು ಕಡಿಸು, ತಾಬುಗೆ."